ನೀಲಿ ಆಂಪೂಲಿನ ಮೇಲೆ ಬರೆಯದೆ ಬಿಟ್ಟದ್ದು: ಮೆಥಿಲೀನ್ ಬ್ಲೂ ಚುಚ್ಚುಮದ್ದಿನ ವಿಮರ್ಶೆ

ಶಸ್ತ್ರಚಿಕಿತ್ಸಾ ಕೊಠಡಿಯ ಕಪಾಟಿನಲ್ಲಿ ಎಲ್ಲಕ್ಕಿಂತ ಕಡಿಮೆ ಮರ್ಯಾದೆ ಪಡೆಯುವ ಔಷಧ ಯಾವುದೆಂದು ಯಾರಾದರೂ ಕೇಳಿದರೆ ನಾನು ಮೆಥಿಲೀನ್ ಬ್ಲೂ ಎಂಬ ನೀಲಿ ಚುಚ್ಚುಮದ್ದಿನ ಆಂಪೂಲನ್ನು, ಅಂದರೆ ಒಡೆದು ತೆರೆಯುವ ಪುಟ್ಟ ಗಾಜಿನ ಶೀಶೆಯನ್ನು, ತೋರಿಸುತ್ತೇನೆ. ತೀವ್ರ ನೋವು ತಡೆಯುವ ಫೆಂಟನಿಲ್‌ಗೆ ಬೀಗವೂ ಲೆಕ್ಕದ ಪುಸ್ತಕವೂ ಉಂಟು. ಆಂಟಿಬಯೊಟಿಕ್ ಕೊಡುವ ಮುನ್ನ ಅಲರ್ಜಿ ಇದೆಯೇ ಎಂದು ಎರಡು ಬಾರಿ ಕೇಳುವ ಪದ್ಧತಿ ಉಂಟು. ಈ ನೀಲಿ ದ್ರವ ಮಾತ್ರ ಹೊಲಿಗೆ ದಾರ, ಗಾಜ್ ಬಟ್ಟೆ, ಚರ್ಮದ ಮೇಲೆ ಗುರುತು ಹಾಕುವ ಪೆನ್ನುಗಳ ಪಕ್ಕದಲ್ಲಿ ಕುಳಿತಿರುತ್ತದೆ. ಶಸ್ತ್ರವೈದ್ಯರು 'ಸಿಸ್ಟರ್, ಸ್ವಲ್ಪ ಬ್ಲೂ ಕೊಡಿ' ಎನ್ನುತ್ತಾರೆ, ಸಿಸ್ಟರ್ ಆಂಪೂಲನ್ನು ಒಡೆದು ಕೊಡುತ್ತಾರೆ, ಮತ್ತು ರೋಗಿ ದಿನವೂ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ಆ ಕ್ಷಣದಲ್ಲಿ ಯಾರೂ ತೆರೆದು ನೋಡುವುದಿಲ್ಲ. ಜಿಲ್ಲಾ ಕೇಂದ್ರವೊಂದರ ಮಧ್ಯಮ ಗಾತ್ರದ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞನಾಗಿರುವ ನಾನು ಈ ಆಂಪೂಲನ್ನು ಹಲವು ವರ್ಷಗಳಿಂದ ಬಳಸುತ್ತಲೂ, ಇತರರು ಬಳಸುವುದನ್ನು ನೋಡುತ್ತಲೂ ಬಂದಿದ್ದೇನೆ. ಅದರ ಗುಣ, ದೋಷ, ಪೊಟ್ಟಣದ ಮೇಲಿನ ಬರಹ, ಇತರ ಔಷಧಗಳೊಂದಿಗೆ ಅದರ ಒಡನಾಟ ಇವುಗಳನ್ನು ಕುರಿತು ಒಂದು ವಿಮರ್ಶೆ ಬರೆಯಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇದು ಒಳ್ಳೆಯ ಔಷಧ, ಆದರೆ ಬಣ್ಣವೆಂಬ ವೇಷದಲ್ಲಿ ಮಾರಾಟವಾಗುತ್ತಿದೆ.

ಹುಟ್ಟಿನಿಂದ ಇದು ಬಣ್ಣವೇ ಎಂಬುದು ನಿಜ. 1876ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿಯ ರಸಾಯನಶಾಸ್ತ್ರಜ್ಞ ಹೈನ್ರಿಶ್ ಕಾರೊ ಇದನ್ನು ಬಟ್ಟೆಗೆ ಹಾಕುವ ಬಣ್ಣವಾಗಿ ತಯಾರಿಸಿದರು. ಜೀವಕೋಶಗಳನ್ನು ಆಯ್ದು ಬಣ್ಣಕಟ್ಟುವ ಇದರ ಗುಣವನ್ನು ಗಮನಿಸಿದ ಪೌಲ್ ಎರ್ಲಿಶ್ ಅವರು ಸಹೋದ್ಯೋಗಿ ಗುಟ್‌ಮನ್ ಜೊತೆಗೂಡಿ 1891ರಲ್ಲಿ ಇಬ್ಬರು ಮಲೇರಿಯಾ ರೋಗಿಗಳಿಗೆ ಇದನ್ನು ಔಷಧವಾಗಿ ಕೊಟ್ಟರು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಮನೋವೈದ್ಯಕೀಯವನ್ನೇ ಬದಲಿಸಿದ ಕ್ಲೋರ್‌ಪ್ರೊಮಜೀನ್ ಕೂಡ ಇದೇ ಫಿನೊಥಯಜೀನ್ ಮನೆತನಕ್ಕೆ ಸೇರಿದ್ದು. ಹೀಗೆ ಮೆದುಳಿನ ಔಷಧಗಳ ಹತ್ತಿರದ ನೆಂಟನಾದ ಒಂದು ವಸ್ತುವನ್ನು ನಾವು ಇಂದಿಗೂ ಬರೀ ಬಣ್ಣವೆಂದು ಕರೆಯುತ್ತಿದ್ದೇವೆ.

ನಮ್ಮಲ್ಲಿಗೆ ಬರುವುದು ಶೇ 1ರ, 10 ಮಿ.ಲೀ. ಆಂಪೂಲು. ಒಂದು ಮಿ.ಲೀ.ಗೆ 10 ಮಿಲಿಗ್ರಾಂನಂತೆ ಒಂದು ಆಂಪೂಲಿನಲ್ಲಿ ಒಟ್ಟು 100 ಮಿಲಿಗ್ರಾಂ ಇರುತ್ತದೆ. 50 ಕಿಲೋ ತೂಕದ ವ್ಯಕ್ತಿಗೆ ಕಿಲೋಗೆ ಒಂದು ಮಿಲಿಗ್ರಾಂ ಎಂದರೆ ಅರ್ಧ ಆಂಪೂಲು. ಲೆಕ್ಕ ಸುಲಭ, ಬೆಲೆಯೂ ಹೊರೆಯಲ್ಲ, ಮತ್ತು ಅದು ಮಾಡುವ ಕೆಲಸಗಳು ಒಂದೆರಡಲ್ಲ. ಮಕ್ಕಳಾಗದ ಹೆಣ್ಣುಮಕ್ಕಳಿಗೆ ಲ್ಯಾಪರೊಸ್ಕೋಪಿ ಮಾಡುವಾಗ ಗರ್ಭನಾಳ ತೆರೆದಿದೆಯೇ ಎಂದು ನೋಡಲು, ಗರ್ಭಕೋಶ ತೆಗೆದ ಮೇಲೆ ಮೂತ್ರನಾಳಕ್ಕೆ ಪೆಟ್ಟಾಗಿದೆಯೇ ಎಂದು ಪರೀಕ್ಷಿಸಲು, ಫಿಸ್ಟುಲಾದ (ದೇಹದೊಳಗೆ ಅಸಹಜವಾಗಿ ತೆರೆದುಕೊಂಡ ರಂಧ್ರದ) ದಾರಿ ಹುಡುಕಲು, ಸ್ತನ ಕ್ಯಾನ್ಸರ್ ಹರಡುವಾಗ ಮೊದಲು ತಲುಪುವ ದುಗ್ಧಗ್ರಂಥಿಯನ್ನು ಗುರುತಿಸಲು ಇದೇ ಬಳಕೆಯಾಗುತ್ತದೆ. ತೆರೆದ ಹೃದಯದ ಶಸ್ತ್ರಚಿಕಿತ್ಸೆಯ ನಂತರ ರಕ್ತನಾಳಗಳು ಸಡಿಲಗೊಂಡು ಯಾವ ಔಷಧಕ್ಕೂ ರಕ್ತದೊತ್ತಡ ಏರದಿದ್ದಾಗ, ನೈಟ್ರಿಕ್ ಆಕ್ಸೈಡಿನ ದಾರಿಯನ್ನು ತಡೆದು ಒತ್ತಡವನ್ನು ಎತ್ತುವ ಗುಣವೂ ಇದಕ್ಕಿದೆ. ಬರೀ ಬಣ್ಣಕ್ಕೆ ರಕ್ತದೊತ್ತಡ ಏರಿಸುವ ಶಕ್ತಿ ಎಲ್ಲಿಂದ ಬಂತು ಎಂದು ಅಲ್ಲಿಯೇ ಅನುಮಾನ ಬರಬೇಕಿತ್ತು.

ಮೊದಲು ಎಲ್ಲರೂ ಬಲ್ಲ ತೊಂದರೆಯನ್ನು ನೋಡೋಣ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ 660 ಮತ್ತು 940 ನ್ಯಾನೊಮೀಟರ್ ತರಂಗಾಂತರದ ಎರಡು ಬೆಳಕುಗಳನ್ನು ಹಾಯಿಸಿ, ಯಾವುದು ಎಷ್ಟು ಹೀರಲ್ಪಟ್ಟಿತೆಂಬ ಲೆಕ್ಕದಿಂದ ರಕ್ತದ ಆಮ್ಲಜನಕವನ್ನು ಅಂದಾಜು ಮಾಡುತ್ತದೆ. ಮೆಥಿಲೀನ್ ಬ್ಲೂ ಅತಿ ಹೆಚ್ಚು ಬೆಳಕನ್ನು ಹೀರುವುದು ಸರಿಸುಮಾರು 665 ನ್ಯಾನೊಮೀಟರಿನಲ್ಲಿ. ಆದ್ದರಿಂದ ಆಮ್ಲಜನಕವೇ ಇಲ್ಲದ ರಕ್ತ ಎದುರಿಗಿದೆಯೆಂದು ಯಂತ್ರ ಮೋಸಹೋಗುತ್ತದೆ. ಗರ್ಭನಾಳ ಪರೀಕ್ಷೆಯೊಂದರಲ್ಲಿ ಗರ್ಭಕೋಶದ ಮೂಲಕ ಹಾಯಿಸಿದ ಬಣ್ಣ ಸ್ವಲ್ಪ ರಕ್ತನಾಳವನ್ನು ಸೇರಿ, 99 ಇದ್ದ ಅಂಕಿ ನಿಮಿಷದೊಳಗೆ 71ಕ್ಕೆ ಕುಸಿದದ್ದನ್ನು ನಾನು ಕಂಡಿದ್ದೇನೆ. ಕಾರಣ ಗೊತ್ತಿದ್ದರೂ ಅಂಕಿಯೊಂದಿಗೆ ಯಂತ್ರದ ಧ್ವನಿಯೂ ಇಳಿಯುತ್ತ ಹೋಗುವಾಗ ಕೈ ತಣ್ಣಗಾಗುತ್ತದೆ. ಉಸಿರಾಟದ ಕೊಳವೆ ಸರಿಯಾದ ಜಾಗದಲ್ಲಿದೆಯೇ, ಎರಡೂ ಶ್ವಾಸಕೋಶಗಳಿಗೆ ಗಾಳಿ ಹೋಗುತ್ತಿದೆಯೇ, ಇಂಗಾಲದ ಡೈಆಕ್ಸೈಡಿನ ಅಲೆ ಸಹಜವಾಗಿದೆಯೇ ಎಂದು ಒಂದೊಂದಾಗಿ ನೋಡಿ ಮುಗಿಸುವ ಹೊತ್ತಿಗೆ, ಅಂದರೆ ನಾಲ್ಕು ನಿಮಿಷಗಳಲ್ಲಿ, ಅಂಕಿ ತಾನಾಗಿಯೇ ಮೇಲೇರಿತು. ಇದರಲ್ಲಿ ಇನ್ನೊಂದು ಅಪಾಯ ಅಡಗಿದೆ: 'ಅದು ಬಣ್ಣದ ಆಟ' ಎಂದು ಸುಮ್ಮನೆ ಕುಳಿತರೆ, ಅದೇ ವೇಳೆಗೆ ನಿಜವಾಗಿಯೇ ಉಸಿರಿನ ತೊಂದರೆಯಾಗಿದ್ದರೆ ಅದು ಕಣ್ಣುತಪ್ಪಿ ಹೋಗುತ್ತದೆ. ಬಣ್ಣ ಹಾಯಿಸುವ ಮುನ್ನ ಅರಿವಳಿಕೆ ತಜ್ಞರಿಗೆ ಒಂದು ಮಾತು ತಿಳಿಸುವುದು ಶಸ್ತ್ರವೈದ್ಯರಿಗೆ ಅಷ್ಟೇನೂ ಕಷ್ಟವಲ್ಲ. ಆದರೂ ಹತ್ತರಲ್ಲಿ ಆರು ಬಾರಿ ನನಗೆ ಆ ಸುದ್ದಿ ಬರುವುದು ಯಂತ್ರದ ಮೂಲಕವೇ.

ಮೂತ್ರ ನೀಲಿ-ಹಸಿರಾಗುವುದು, ಚರ್ಮಕ್ಕೆ ನೀಲಿ ಛಾಯೆ ಬರುವುದು, ವಾಕರಿಕೆ, ತಲೆಸುತ್ತು ಇವೆಲ್ಲ ಆಗುತ್ತವೆ, ಹೋಗುತ್ತವೆ. ಮನೆಯವರಿಗೆ ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ರಾತ್ರಿ ಮೂತ್ರದ ಚೀಲವನ್ನು ಕಂಡು ವಾರ್ಡಿನಲ್ಲಿ ಗದ್ದಲವೇಳುತ್ತದೆ.

ಈ ವಿಮರ್ಶೆ ಬರೆಯಲು ಮುಖ್ಯ ಕಾರಣ ಬೇರೆಯೇ. ನರಕೋಶಗಳ ನಡುವೆ ಸಿರೊಟೋನಿನ್ ಎಂಬ ರಾಸಾಯನಿಕ ಹರಿಯುತ್ತಿರುತ್ತದೆ. ಅದು ಖಾಲಿಯಾಗಲು ಎರಡು ದಾರಿಗಳುಂಟು: ಬಿಡುಗಡೆ ಮಾಡಿದ ಕೋಶವೇ ಅದನ್ನು ಮರಳಿ ಹೀರಿಕೊಳ್ಳುವುದು ಒಂದು, ಮೊನೊಅಮೀನ್ ಆಕ್ಸಿಡೇಸ್-ಎ ಎಂಬ ಕಿಣ್ವ ಅದನ್ನು ಒಡೆದುಹಾಕುವುದು ಇನ್ನೊಂದು. ಎರಡು ತೂಬುಗಳಿರುವ ಕೆರೆಯೆಂದು ತಿಳಿಯಿರಿ. ಖಿನ್ನತೆಗೆ, ಆತಂಕಕ್ಕೆ ಕೊಡುವ ಎಸ್ಸಿಟಲೊಪ್ರಾಂ, ಸೆರ್ಟ್ರಲೀನ್, ಫ್ಲುಆಕ್ಸೆಟಿನ್ ಮುಂತಾದ ಮಾತ್ರೆಗಳು ಮೊದಲ ತೂಬನ್ನು ಮುಚ್ಚುತ್ತವೆ; ನೀರು ಹದವಾಗಿ ಏರುತ್ತದೆ, ಚಿಕಿತ್ಸೆಯ ಉದ್ದೇಶವೂ ಅದೇ. ಮೆಥಿಲೀನ್ ಬ್ಲೂ ಎರಡನೆಯ ತೂಬನ್ನು, ಅದೂ ಬಲು ಬಿಗಿಯಾಗಿ, ಮುಚ್ಚುತ್ತದೆ. ಎರಡೂ ಮುಚ್ಚಿದ ಮೇಲೆ ಕೆರೆ ಕೋಡಿ ಬೀಳದೆ ಇನ್ನೇನಾದೀತು? ಮೈ ನಡುಕ, ಪಾದವನ್ನು ಮೇಲಕ್ಕೆ ಒತ್ತಿದಾಗ ನಿಲ್ಲದೆ ಅದುರುವ ಸ್ನಾಯುಸೆಳೆತ, ಬೆವರು, ಏರುವ ಜ್ವರ, ಓಡುವ ನಾಡಿ, ಹಿಗ್ಗಿದ ಕಣ್ಣಪಾಪೆ, ಗಲಿಬಿಲಿ, ಕೆಲವೊಮ್ಮೆ ಸಾವು: ಇದೇ ಸಿರೊಟೋನಿನ್ ಸಿಂಡ್ರೋಮ್.

ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಯ ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯನ್ನು ಗುರುತಿಸಲು ಮೆಥಿಲೀನ್ ಬ್ಲೂವನ್ನು ರಕ್ತನಾಳಕ್ಕೆ ಕೊಡುವ ಪದ್ಧತಿಯಿತ್ತು. ಹಾಗೆ ಕೊಟ್ಟ ಕೆಲವು ರೋಗಿಗಳು ಶಸ್ತ್ರಚಿಕಿತ್ಸೆಯ ನಂತರ ಗಲಿಬಿಲಿಗೊಂಡು ಎಚ್ಚರಾಗದೆ ಮಲಗಿದ್ದ ವರದಿಗಳು ಬರುತ್ತಲೇ ಇದ್ದವು. ಅವರಲ್ಲಿ ಬಹುತೇಕರು ಖಿನ್ನತೆಯ ಮಾತ್ರೆ ಸೇವಿಸುತ್ತಿದ್ದರೆಂಬ ಎಳೆ ಹಿಡಿದು, 2006-07ರ ಹೊತ್ತಿಗೆ ಈ ಬಣ್ಣವು ಮೊನೊಅಮೀನ್ ಆಕ್ಸಿಡೇಸ್-ಎ ಕಿಣ್ವವನ್ನು ತಡೆಯುತ್ತದೆಂಬುದನ್ನು ವಿಜ್ಞಾನಿಗಳು ಸ್ಪಷ್ಟಪಡಿಸಿದರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2011ರ ಜುಲೈನಲ್ಲಿ ವೈದ್ಯರಿಗೆ ಎಚ್ಚರಿಕೆ ಹೊರಡಿಸಿ, ಅಕ್ಟೋಬರಿನಲ್ಲಿ ಅದನ್ನು ಇನ್ನಷ್ಟು ವಿವರಿಸಿತು. ಅದರ ಗಮನಕ್ಕೆ ಬಂದ ಹೆಚ್ಚಿನ ಪ್ರಕರಣಗಳಲ್ಲಿ ಕಿಲೋಗೆ 1ರಿಂದ 8 ಮಿಲಿಗ್ರಾಂ ಪ್ರಮಾಣವನ್ನು ರಕ್ತನಾಳಕ್ಕೆ ಕೊಡಲಾಗಿತ್ತು. ಮುಂಚಿತವಾಗಿ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಯಾದರೆ ಇಂಥ ಮಾತ್ರೆಗಳನ್ನು ಕನಿಷ್ಠ 2 ವಾರ ಮೊದಲು, ದೇಹದಲ್ಲಿ ಬಹುಕಾಲ ಉಳಿಯುವ ಫ್ಲುಆಕ್ಸೆಟಿನ್ ಆದರೆ 5 ವಾರ ಮೊದಲು ನಿಲ್ಲಿಸಬೇಕು. ತುರ್ತಾಗಿ ಕೊಡಲೇಬೇಕಾದರೆ ಮಾತ್ರೆಯನ್ನು ಒಡನೆಯೇ ನಿಲ್ಲಿಸಿ, ಅಷ್ಟೇ ಅವಧಿ ಅಥವಾ ಕೊನೆಯ ಮೆಥಿಲೀನ್ ಬ್ಲೂ ಪ್ರಮಾಣದ ನಂತರದ 24 ಗಂಟೆ, ಯಾವುದು ಮೊದಲು ಮುಗಿಯುವುದೋ ಅಲ್ಲಿಯವರೆಗೆ ರೋಗಿಯ ಮೇಲೆ ಕಣ್ಣಿಡಬೇಕು ಎಂಬುದು ಅದರ ಸಲಹೆ. ಮಾತ್ರೆ ನಿಲ್ಲಿಸುವ ತೀರ್ಮಾನವನ್ನು ಮನೋವೈದ್ಯರನ್ನು ಕೇಳಿಯೇ ಮಾಡಬೇಕು. ಇದನ್ನು ಓದಿ ಯಾರೂ ತಾವಾಗಿ ಬಿಡಬಾರದು. 2016ರಲ್ಲಿ ಅಮೆರಿಕದಲ್ಲಿ ಪ್ರೊವೇಬ್ಲೂ ಎಂಬ ಹೆಸರಿನ ಶೇ 0.5ರ ಮೆಥಿಲೀನ್ ಬ್ಲೂಗೆ ಪರವಾನಗಿ ಸಿಕ್ಕಾಗ, ಈ ಎಚ್ಚರಿಕೆಯನ್ನು ಅದರ ಮಾಹಿತಿ ಪತ್ರದ ತಲೆಯಲ್ಲೇ ಚೌಕಟ್ಟು ಹಾಕಿ ಮುದ್ರಿಸಲಾಯಿತು.

ಈಗ ನಮ್ಮ ಕಪಾಟಿನ ಆಂಪೂಲಿಗೆ ಬರೋಣ. ಕಳೆದ ಬಾರಿ ನಮಗೆ ಸರಬರಾಜಾದ ಪೆಟ್ಟಿಗೆಯ ಒಳಗಿದ್ದ ಮಡಚಿದ ಚೀಟಿಯನ್ನು ನಾನು ಕನ್ನಡಕ ಹಾಕಿಕೊಂಡು ಆದ್ಯಂತ ಓದಿದೆ. ಪ್ರಮಾಣವಿತ್ತು, ಬೆಳಕಿನಿಂದ ದೂರವಿಡಿ ಎಂದಿತ್ತು, ಮೂತ್ರದ ಬಣ್ಣ ಬದಲಾಗುವ ಮಾತಿತ್ತು. ಖಿನ್ನತೆಯ ಮಾತ್ರೆಗಳ ಬಗ್ಗೆ ಒಂದಕ್ಷರವೂ ಇರಲಿಲ್ಲ. ಉತ್ಪಾದಕರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಆದರೆ ಹೊಟ್ಟೆನೋವಿನ ಮಾತ್ರೆಗೂ ಎರಡು ಪುಟದ ಎಚ್ಚರಿಕೆ ಅಚ್ಚು ಹಾಕುವವರು, ಪ್ರಾಣಕ್ಕೆ ಕುತ್ತು ತರಬಲ್ಲ ಈ ಒಡನಾಟಕ್ಕೆ ಅರ್ಧ ಸಾಲನ್ನೂ ಕೊಡದಿರುವುದನ್ನು ಮರೆವೆಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ಪಟ್ಟಿಯೂ ಚಿಕ್ಕದಲ್ಲ. ಖಿನ್ನತೆಗಷ್ಟೇ ಅಲ್ಲದೆ ಸಕ್ಕರೆ ಕಾಯಿಲೆಯವರ ಪಾದದ ಉರಿಗೆ ಡುಲೊಕ್ಸೆಟಿನ್, ಅರೆತಲೆನೋವಿಗೆ ಅಮಿಟ್ರಿಪ್ಟಿಲೀನ್ ಕೊಡುತ್ತಾರೆ. ನಾವೇ ಶಸ್ತ್ರಚಿಕಿತ್ಸೆಯ ನಂತರ ನೋವಿಗೆ ಧಾರಾಳವಾಗಿ ಬರೆಯುವ ಟ್ರಮಡಾಲ್, ಹಳೆಯ ಪೆಥಿಡೀನ್, ಕೊಠಡಿಯೊಳಗೆ ದಿನವೂ ಬಳಸುವ ಫೆಂಟನಿಲ್, ಕೆಮ್ಮಿನ ಸಿರಪ್ಪಿನ ಡೆಕ್ಸ್‌ಟ್ರೊಮೆಥಾರ್ಫನ್ ಇವೆಲ್ಲವೂ ಹೆಚ್ಚು ಕಡಿಮೆ ಪ್ರಮಾಣದಲ್ಲಿ ಸಿರೊಟೋನಿನ್ ಕೆರೆಗೆ ನೀರು ಹಾಯಿಸುವಂಥವೇ. ತೀವ್ರ ನಿಗಾ ಘಟಕದಲ್ಲಿ ಸೋಂಕಿಗಾಗಿ ಲಿನೆಜೊಲಿಡ್ ಪಡೆಯುತ್ತಿರುವವರಿಗೆ ರಕ್ತದೊತ್ತಡ ಏರಿಸಲು ಮೆಥಿಲೀನ್ ಬ್ಲೂ ಕೊಟ್ಟರೆ ಒಂದೇ ತೂಬನ್ನು ಎರಡು ಕೈಗಳಿಂದ ಮುಚ್ಚಿದಂತೆ, ಏಕೆಂದರೆ ಆ ಆಂಟಿಬಯೊಟಿಕ್ ಕೂಡ ಅದೇ ಕಿಣ್ವವನ್ನು ತಡೆಯುತ್ತದೆ. ಅರಿವಳಿಕೆಯಲ್ಲಿರುವ ರೋಗಿಯಲ್ಲಿ ಇದರ ಲಕ್ಷಣಗಳು ಮುಚ್ಚಿಹೋಗುವುದು ಇನ್ನೊಂದು ತೊಡಕು. ಸ್ನಾಯು ಸಡಿಲಿಸುವ ಔಷಧ ಕೊಟ್ಟಿರುವಾಗ ನಡುಕ ಎಲ್ಲಿಂದ ಕಂಡೀತು? ನಾಡಿ ಓಡಿದರೆ ನೋವೆಂದುಕೊಳ್ಳುತ್ತೇವೆ, ಬೆವರಿದರೆ ಹೊದಿಕೆ ಹೆಚ್ಚಾಯಿತೆನ್ನುತ್ತೇವೆ, ಏಳುವುದು ತಡವಾದರೆ ಔಷಧ ಇಳಿದಿಲ್ಲವೆನ್ನುತ್ತೇವೆ. ಶಂಕೆ ಬಂದಾಗ ಮಾಡಬೇಕಾದದ್ದು ಮಾತ್ರ ಸರಳ: ಕಾರಣವಾದ ಔಷಧಗಳನ್ನು ನಿಲ್ಲಿಸುವುದು, ಮೈ ತಂಪಾಗಿಸುವುದು, ಶಾಂತಗೊಳಿಸುವ ಬೆಂಜೊಡಯಜೆಪೀನ್ ಔಷಧ ಕೊಡುವುದು, ಬೇಕಾದರೆ ಸಿರೊಟೋನಿನ್ ಪರಿಣಾಮವನ್ನು ತಡೆಯುವ ಸೈಪ್ರೊಹೆಪ್ಟಡೀನ್. ಗರ್ಭನಾಳ ಪರೀಕ್ಷೆಯಂತೆ ರಕ್ತನಾಳಕ್ಕೆ ನೇರವಾಗಿ ಕೊಡದ ಬಳಕೆಗಳಲ್ಲಿ ಅಪಾಯ ಅಷ್ಟೇ ಇದೆಯೆಂದು ನಾನು ಹೇಳುತ್ತಿಲ್ಲ. ಆದರೆ ಯಂತ್ರದ ಅಂಕಿ 71ಕ್ಕೆ ಇಳಿದ ದಿನ ಬಣ್ಣ ರಕ್ತವನ್ನು ಸೇರಿತ್ತೆಂಬುದು ನನ್ನ ಕಣ್ಣೆದುರಿನ ಸಂಗತಿ.

ಮಿಶ್ರಣದ ವಿಷಯದಲ್ಲೂ ಒಂದು ರೂಢಿಯ ತಪ್ಪಿದೆ. ಕೈಗೆ ಮೊದಲು ಸಿಗುವುದು ಸಲೈನ್ ಬಾಟಲಿಯಾದ್ದರಿಂದ ರಕ್ತನಾಳಕ್ಕೆ ಕೊಡುವಾಗಲೂ ಅದರಲ್ಲೇ ಬೆರೆಸುತ್ತಾರೆ. ಪ್ರೊವೇಬ್ಲೂ ಮಾಹಿತಿ ಪತ್ರ ಹೇಳುವುದು ಶೇ 5ರ ಡೆಕ್ಸ್‌ಟ್ರೋಸಿನಲ್ಲಿ (ಗ್ಲೂಕೋಸ್ ದ್ರಾವಣದಲ್ಲಿ) ಬೆರೆಸಬೇಕೆಂದು; ಸಲೈನಿನ ಕ್ಲೋರೈಡು ಈ ಔಷಧದ ಕರಗುವಿಕೆಯನ್ನು ತಗ್ಗಿಸುತ್ತದೆ. ಇದನ್ನು ಫ್ರಿಜ್ಜಿನಲ್ಲೂ ಇಡಬಾರದು. ಬೆನ್ನುಹುರಿಯ ದ್ರವಕ್ಕೆ ಎಂದಿಗೂ ಚುಚ್ಚಬಾರದು, ಏಕೆಂದರೆ ನರಗಳಿಗೆ ಶಾಶ್ವತ ಹಾನಿಯಾಗುತ್ತದೆ. ಸ್ತನದ ಚರ್ಮದ ಪದರಕ್ಕೆ ತೆಳುಗೊಳಿಸದೆ ಚುಚ್ಚಿದರೆ ಆ ಜಾಗ ಕೊಳೆತು ಕಪ್ಪಾಗುವುದುಂಟು. ಗರ್ಭಿಣಿಯರಲ್ಲಿ, ಅವಳಿ ಮಕ್ಕಳ ಗರ್ಭಜಲ ಪರೀಕ್ಷೆಗೆ ಹಿಂದೆ ಇದನ್ನು ಗುರುತಿಗಾಗಿ ಹಾಕುತ್ತಿದ್ದರು. ಹುಟ್ಟಿದ ಮಕ್ಕಳಲ್ಲಿ ಕರುಳು ಮುಚ್ಚಿಹೋದ ಪ್ರಕರಣಗಳು ಕಂಡ ಮೇಲೆ ಆ ಬಳಕೆ ನಿಂತಿತು. ಹಾಲೂಡಿಸುವ ತಾಯಿಗೆ ಔಷಧವಾಗಿ ಕೊಟ್ಟರೆ 8 ದಿನಗಳವರೆಗೆ ಎದೆಹಾಲು ಕೊಡಬಾರದೆಂಬ ಸೂಚನೆಯೂ ಇದೆ.

ಇಷ್ಟೆಲ್ಲ ದೂರು ಹೇಳಿದ ಮೇಲೆ ಇದನ್ನು ಕಪಾಟಿನಿಂದ ಹೊರಹಾಕಬೇಕೆನ್ನುತ್ತೀರಾ ಎಂದು ಕೇಳಿದರೆ, ಖಂಡಿತ ಇಲ್ಲ. ನಮ್ಮ ಕಡೆ ಗಿಡ ಚೆನ್ನಾಗಿ ಹೂಬಿಡಲೆಂದು ಸಿಂಪಡಿಸುವ ನೈಟ್ರೊಬೆಂಜೀನ್ ದ್ರಾವಣವನ್ನೋ, ಇಂಡೊಕ್ಸಕಾರ್ಬ್ ಕೀಟನಾಶಕವನ್ನೋ ಕುಡಿದವರು ತುರ್ತು ವಿಭಾಗಕ್ಕೆ ಬರುತ್ತಾರೆ. ಅವರ ತುಟಿ ನೀಲಿಗಟ್ಟಿರುತ್ತದೆ, ರಕ್ತ ಚಾಕೊಲೇಟಿನ ಬಣ್ಣಕ್ಕೆ ತಿರುಗಿರುತ್ತದೆ, ಎಷ್ಟು ಆಮ್ಲಜನಕ ಕೊಟ್ಟರೂ ಯಂತ್ರದ ಅಂಕಿ 85ರ ಆಸುಪಾಸಿನಲ್ಲೇ ನಿಂತಿರುತ್ತದೆ. ಹಿಮೊಗ್ಲೋಬಿನ್ ಆಮ್ಲಜನಕ ಹೊರಲಾರದ ಮೆಥಿಮೊಗ್ಲೋಬಿನ್ ಆಗಿಬಿಟ್ಟಿರುವ ಈ ಸ್ಥಿತಿಗೆ ಕಿಲೋಗೆ 1ರಿಂದ 2 ಮಿಲಿಗ್ರಾಂ ಮೆಥಿಲೀನ್ ಬ್ಲೂವನ್ನು ನಿಧಾನವಾಗಿ ಕೊಟ್ಟರೆ, ಬಣ್ಣದಿಂದಲೇ ಬಣ್ಣ ತಿಳಿಯಾಗುವುದನ್ನು ಹಾಸಿಗೆಯ ಪಕ್ಕ ನಿಂತು ನೋಡಬಹುದು. ಅತಿಯಾದರೆ ಇದೇ ಔಷಧ ಮೆಥಿಮೊಗ್ಲೋಬಿನ್ ಉಂಟುಮಾಡುತ್ತದೆ. ಕಿಲೋಗೆ 7 ಮಿಲಿಗ್ರಾಂ ಮೀರಬಾರದೆಂಬ ಗಡಿ ಅದಕ್ಕೇ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಲ್ಲಿ ಇದು ಕೆಲಸ ಮಾಡುವುದಿಲ್ಲ. ಮಾತ್ರವಲ್ಲ, ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಜೀವ ಉಳಿಸುವ ಈ ಒಂದು ಕೆಲಸಕ್ಕಾಗಿಯೇ ಪ್ರತಿ ತುರ್ತು ವಿಭಾಗದಲ್ಲೂ ಒಂದು ಪೆಟ್ಟಿಗೆ ಇರಬೇಕು. ಕೊಳ್ಳುವಾಗ ಅದು ರಕ್ತನಾಳಕ್ಕೆ ಕೊಡಲು ತಯಾರಾದ ಚುಚ್ಚುಮದ್ದೇ, ಪ್ರಯೋಗಾಲಯದ ಸ್ಲೈಡಿಗೆ ಹಾಕುವ ಬಣ್ಣವೇ ಎಂಬುದನ್ನು ಓದಿ ನೋಡಿ. ಹೆಸರು ಒಂದೇ, ಬಣ್ಣವೂ ಒಂದೇ.

ಪಕ್ಕದ ಬಣ್ಣಗಳ ಬಗ್ಗೆಯೂ ನಾಲ್ಕು ಮಾತು ಹೇಳಬೇಕು. ದುಗ್ಧಗ್ರಂಥಿ ಗುರುತಿಸಲು ಬಳಸುವ ಐಸೊಸಲ್ಫಾನ್ ಬ್ಲೂ ಮತ್ತು ಪೇಟೆಂಟ್ ಬ್ಲೂ ಸಿರೊಟೋನಿನ್ ಗೋಜಿಗೆ ಹೋಗುವುದಿಲ್ಲ, ಆದರೆ ಅಲರ್ಜಿಯಲ್ಲಿ ಅವು ಕುಖ್ಯಾತ. ಬ್ರಿಟನ್ನಿನ ಅರಿವಳಿಕೆ ತಜ್ಞರ ರಾಯಲ್ ಕಾಲೇಜು 2018ರಲ್ಲಿ ಪ್ರಕಟಿಸಿದ ರಾಷ್ಟ್ರಮಟ್ಟದ ಸಮೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆಯ ವೇಳೆಯ ಜೀವಾಪಾಯದ ಅಲರ್ಜಿಗಳಿಗೆ ಆಂಟಿಬಯೊಟಿಕ್, ಸ್ನಾಯು ಸಡಿಲಿಸುವ ಔಷಧ, ಚರ್ಮ ಶುಚಿಗೊಳಿಸುವ ಕ್ಲೋರ್‌ಹೆಕ್ಸಿಡೀನ್‌ಗಳ ನಂತರದ ನಾಲ್ಕನೆಯ ಕಾರಣವಾಗಿ ಪೇಟೆಂಟ್ ಬ್ಲೂ ಕಾಣಿಸಿಕೊಂಡಿತು. ಐಸೊಸಲ್ಫಾನ್ ಬ್ಲೂವನ್ನು ಆ ಜಾಗವನ್ನಷ್ಟೇ ಮರಗಟ್ಟಿಸುವ ಲಿಗ್ನೊಕೇನ್ ಜೊತೆ ಒಂದೇ ಸಿರಿಂಜಿಗೆ ಎಳೆದರೆ ತಕ್ಷಣ ಶೇ 4ರಿಂದ 9ರಷ್ಟು ಔಷಧ ಗಸಿಯಾಗಿ ತಳಕ್ಕಿಳಿಯುತ್ತದೆ. ಎರಡಕ್ಕೂ ಬೇರೆ ಬೇರೆ ಸಿರಿಂಜು ಬೇಕು. ಕಣ್ಣಿನ ಪೊರೆ ಪೂರ್ತಿ ಬಿಳಿಯಾದಾಗ ಅದರ ಚೀಲವನ್ನು ಕಾಣಿಸಲು ಹಾಕುವ ಟ್ರಿಪಾನ್ ಬ್ಲೂ ಕಣ್ಣಿನೊಳಗೇ ಕೆಲಸ ಮುಗಿಸುವುದರಿಂದ ನನಗೆ ಅದರ ಮೇಲೆ ದೂರಿಲ್ಲ. ಕೆಲವು ಜಾತಿಯ ಮಸೂರಗಳಿಗೆ ಅದು ಬಣ್ಣ ಅಂಟಿಸುತ್ತದೆಂಬುದನ್ನು ನೇತ್ರವೈದ್ಯರು ಬಲ್ಲರು.

ಈ ಗುಂಪಿನಲ್ಲಿ ನನ್ನ ಮೆಚ್ಚಿನದು ಇಂಡೊಸಯನೀನ್ ಗ್ರೀನ್. ರಕ್ತಕ್ಕೆ ಹೋದ ಕೆಲವೇ ನಿಮಿಷಗಳಲ್ಲಿ ಯಕೃತ್ತು ಅದನ್ನು ಪಿತ್ತಕ್ಕೆ ಸಾಗಿಸಿಬಿಡುತ್ತದೆ. ಅದು ಬೆಳಕು ಹೀರುವುದು 800 ನ್ಯಾನೊಮೀಟರಿನ ಸುತ್ತ, ಆದ್ದರಿಂದ ಆಕ್ಸಿಮೀಟರ್ ಹೆಚ್ಚು ಕಂಗೆಡುವುದಿಲ್ಲ. ಆದರೆ ಅದಕ್ಕೂ ತನ್ನದೇ ಷರತ್ತುಗಳಿವೆ. ಅದರಲ್ಲಿ ಸೋಡಿಯಂ ಅಯೋಡೈಡ್ ಇರುವುದರಿಂದ ಅಯೋಡಿನ್ ಅಂಶಕ್ಕೆ ಅಲರ್ಜಿಯಾದವರಲ್ಲಿ ಎಚ್ಚರ ಬೇಕು. ಕೊಟ್ಟ ನಂತರ ಒಂದು ವಾರ ಥೈರಾಯ್ಡಿನ ವಿಕಿರಣ ಅಯೋಡಿನ್ ಪರೀಕ್ಷೆ ಮಾಡಿಸಬಾರದು. ಬೈಸಲ್ಫೈಟ್ ಬೆರೆಸಿದ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಜೊತೆ ಸೇರಿದರೆ ಅದು ಬೆಳಕು ಹೀರುವುದು ಕುಂದುತ್ತದೆ. ಪುಡಿಯನ್ನು ನೀರಿನಲ್ಲಿ ಕರಗಿಸಿದ ಮೇಲೆ 6 ಗಂಟೆಯೊಳಗೆ ಬಳಸಬೇಕು. ಎಲ್ಲಕ್ಕಿಂತ ಮಿಗಿಲಾಗಿ ಅದನ್ನು ನೋಡಲು ವಿಶೇಷ ಕ್ಯಾಮೆರಾ ಬೇಕು, ಅದು ನಮ್ಮಂಥ ಆಸ್ಪತ್ರೆಗಳಲ್ಲಿ ಇನ್ನೂ ಅಪರೂಪ. ಮೆಥಿಲೀನ್ ಬ್ಲೂ ಬರಿಗಣ್ಣಿಗೆ ಕಾಣುತ್ತದೆ; ಬಡವರ ಮನೆಯ ದೀಪದಂತೆ ಅದರ ಬೆಲೆ ಅಲ್ಲಿದೆ.

ಹಾಗಾಗಿ ನಮ್ಮಲ್ಲಿ ಎರಡು ಬದಲಾವಣೆ ಮಾಡಿಕೊಂಡಿದ್ದೇವೆ. ಆಂಪೂಲುಗಳನ್ನು ದಾರ, ಬ್ಯಾಂಡೇಜುಗಳ ನಡುವಿನಿಂದ ಎತ್ತಿ ಔಷಧಗಳ ಅರೆಗೆ ತಂದು, 'ಖಿನ್ನತೆಯ ಮಾತ್ರೆ, ಲಿನೆಜೊಲಿಡ್, ಟ್ರಮಡಾಲ್: ಕೇಳಿದ್ದೀರಾ?' ಎಂಬ ಚೀಟಿ ಅಂಟಿಸಿದ್ದೇವೆ. ಅರಿವಳಿಕೆಗೆ ಮುನ್ನಿನ ತಪಾಸಣೆಯಲ್ಲಿ 'ಮಾನಸಿಕ ಕಾಯಿಲೆಗೆ ಔಷಧ ಉಂಟೇ' ಎಂದು ಕೇಳುವುದನ್ನು ಬಿಟ್ಟಿದ್ದೇವೆ. ಆ ಪ್ರಶ್ನೆಗೆ ನೂರಕ್ಕೆ ನೂರು ಮಂದಿ ಇಲ್ಲವೆಂದೇ ಹೇಳುತ್ತಾರೆ. ಬದಲಿಗೆ ನಿದ್ದೆಗೆ, ನರಕ್ಕೆ, ಕಾಲು ಉರಿಗೆ, ಟೆನ್ಷನ್‌ಗೆ ಯಾವುದಾದರೂ ಮಾತ್ರೆ ಇದೆಯೇ ಎಂದು ಒಂದೊಂದಾಗಿ ಕೇಳುತ್ತೇವೆ. ಗರ್ಭಕೋಶದ ಶಸ್ತ್ರಚಿಕಿತ್ಸೆಗೆ ಬಂದ ಹಿರಿಯ ಹೆಂಗಸೊಬ್ಬರು ಹಿಂದಿನ ದಿನ ಬಿಪಿ ಮಾತ್ರೆಯ ಹೆಸರನ್ನಷ್ಟೇ ಬರೆಸಿದ್ದರು. ನಾನು ಹೀಗೆ ಕೇಳಿದಾಗ, 'ಕಾಲು ಉರಿಗೆ ಒಂದು ಇದೆ ಡಾಕ್ಟ್ರೇ, ಅದನ್ನೂ ಹೇಳ್ಬೇಕಿತ್ತಾ?' ಎಂದು ಚೀಲದಿಂದ ಡುಲೊಕ್ಸೆಟಿನ್ ಪಟ್ಟಿಯನ್ನು ತೆಗೆದರು. ಅಂದು ಮೂತ್ರನಾಳ ಪರೀಕ್ಷಿಸಲು ಶಸ್ತ್ರವೈದ್ಯರು ಯಾವ ಬಣ್ಣವನ್ನೂ ಕೇಳಲಿಲ್ಲ. ಮೂತ್ರಕೋಶವನ್ನು ಶೇ 10ರ ಡೆಕ್ಸ್‌ಟ್ರೋಸಿನಿಂದ ತುಂಬಿಸಿ ಒಳಗೆ ಕ್ಯಾಮೆರಾ ಇಟ್ಟರು. ಆ ಮಂದ ದ್ರವದೊಳಕ್ಕೆ ತೆಳುವಾದ ಮೂತ್ರ ಮೊದಲು ಬಲಗಡೆಯಿಂದ, ಸ್ವಲ್ಪ ಹೊತ್ತಿಗೆ ಎಡಗಡೆಯಿಂದ ಎಳೆಎಳೆಯಾಗಿ ಚಿಮ್ಮಿದ್ದು ಪರದೆಯ ಮೇಲೆ ಸ್ಪಷ್ಟವಾಗಿಯೇ ಕಂಡಿತು.